ಚಳಿಗೆ ಸೋತ ಮದ್ದು

ಶುಕ್ರವಾರ ಸಂಜೆ ತೈಮಿ ಹತ್ತು ತೋಟಾಗಳನ್ನು ಎರಡು ಪಾಲು ಮಾಡಿದಳು. ಐದನ್ನು ರೈಫಲ್ಲಿನ ಜೊತೆ ಹೊರಗಿನ ಕೊಠಡಿಯಲ್ಲಿಟ್ಟು ಬೀಗ ಹಾಕಿದಳು. ಉಳಿದ ಐದನ್ನು ಮನೆಯೊಳಗಿನ ಬೆಚ್ಚನೆಯ ಕಪಾಟಿನಲ್ಲಿಟ್ಟಳು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಉಷ್ಣಮಾಪಕ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ ಇಳಿದಿತ್ತು. ಬೆಚ್ಚನೆಯ ಐದನ್ನು ಒಳ ಅಂಗಿಯ ಜೇಬಿಗೆ ಸೇರಿಸಿ, ಅಪ್ಪ ಔಲಿಸ್‌ನನ್ನು ಕರೆದುಕೊಂಡು ಊರಾಚೆಯ ಜಲ್ಲಿಗುಣಿಗೆ ಹೊರಟಳು. ಅಲ್ಲಿ ನೂರು ಮೀಟರು ದೂರದಲ್ಲಿ ಗುರಿಹಲಗೆ ನೆಡುವುದು. ಮರಳಿನ ಚೀಲದ ಮೇಲೆ ರೈಫಲ್ ಊರುವುದು. ಒಂದು ತಣ್ಣನೆಯದು, ಒಂದು ಬೆಚ್ಚನೆಯದು, ಹೀಗೆ ಸರದಿಯಲ್ಲಿ ಹೊಡೆಯುವುದು. ಪ್ರತಿ ಸಲವೂ ನಳಿಗೆ ತಣಿಯುವ ತನಕ ಕಾಯುವುದು. ಕ್ರಮ ತಪ್ಪಿದರೆ ಉತ್ತರವೂ ತಪ್ಪುತ್ತದೆ.

ಪ್ರಶ್ನೆ ಹುಟ್ಟಿದ್ದು ಹಿಂದಿನ ಭಾನುವಾರ. ಬೇಟೆಯ ತಂಡದಲ್ಲಿ ತನಗೆ ಮೀಸಲಾದ ಜೌಗಿನ ಅಂಚಿನ ಕಾವಲು ಜಾಗದಲ್ಲಿ ಔಲಿಸ್ ನೂರು ಮೀಟರು ದೂರದ ದೊಡ್ಡ ಕಡವೆಯೊಂದರ ಭುಜಕ್ಕೆ ಗುರಿಯಿಟ್ಟಿದ್ದ. ಗುಂಡು ಎರಡು ಗೇಣು ಕೆಳಗೆ ಹೋಗಿ ಮುಂಗಾಲು ಮುರಿದಿತ್ತು. ಆ ಮೂಕಪ್ರಾಣಿಯ ನರಳಾಟ ಕೊನೆಗಾಣಿಸಲು ಇಡೀ ತಂಡ ಕತ್ತಲಾಗುವವರೆಗೆ ಹಿಮದಲ್ಲಿ ನೆತ್ತರಿನ ಜಾಡು ಹಿಡಿದು ಅಲೆಯಬೇಕಾಯಿತು. ಔಲಿಸ್ ಆಡಿದ್ದು ಒಂದೇ ಮಾತು: "ಮದ್ದು ಚಳಿಗೆ ಸೋತಿದೆ."

ಅದು ಸುಳ್ಳೆನ್ನುವಂತಿರಲಿಲ್ಲ. ಅಪ್ಪನ ತೋಟಾಗಳಿಗೆ ಮದ್ದು ತುಂಬುವವಳು ತೈಮಿಯೇ. ಬೇಸಿಗೆಯಲ್ಲಿ ಹಳೆಯ ಮದ್ದು ಅಂಗಡಿಯಲ್ಲಿ ಸಿಗದೆ ಬೇರೊಂದನ್ನು ಆರಿಸಿದ್ದಳು. ಜುಲೈ ತಿಂಗಳ ಬಿಸಿಲಿನಲ್ಲಿ ಪರೀಕ್ಷಿಸಿ, ಗುಂಡುಗಳೆಲ್ಲ ನಡುಮಧ್ಯಕ್ಕೆ ಬಿದ್ದದ್ದನ್ನು ಕಂಡು ಹಿಗ್ಗಿದ್ದಳು. ಕೆಲವು ಮದ್ದು ಬಿಸಿಲಿಗೂ ಹಿಮಕ್ಕೂ ಒಂದೇ ಹದದಲ್ಲಿ ಉರಿಯುತ್ತವೆ. ಕೆಲವು ಚಳಿಯಲ್ಲಿ ಮಂಕಾಗುತ್ತವೆ. ತಾನು ಕೊಂಡದ್ದು ಯಾವ ಬಗೆಯದೆಂದು ಅವಳು ವಿಚಾರಿಸಿರಲಿಲ್ಲ. ದೋಷ ಮದ್ದಿನದಾದರೆ ಅಪ್ಪನ ಕಾವಲು ಅಪ್ಪನಿಗೇ ಉಳಿಯುತ್ತದೆ. ಅಪ್ಪನ ಗುರಿಯದೇ ಆದರೆ ನಾಳೆಯಿಂದ ಅವನು ಗುಡಿಸಲಿನಲ್ಲಿ ತಂಡಕ್ಕೆ ಸಾರು ಕಾಯಿಸಬೇಕು. ತಪ್ಪು ತನ್ನದೇ ಆಗಿರಲಿ ಎಂದು ತೈಮಿ ಮನಸಾರೆ ಬಯಸಿದ್ದಳು.

"ಬೇಗ ಹೊಡಿ ಮಗಳೇ," ಗುಂಡಿನ ವೇಗ ಅಳೆಯುವ ಯಂತ್ರದ ಪಕ್ಕ ಕುಳಿತ ಔಲಿಸ್ ಗೊಣಗಿದ. "ಬೆಚ್ಚಗಿರೋದನ್ನ ಆ ತಣ್ಣನೆ ನಳಿಗೇಲಿ ಕೂರಿಸ್ಕೊಂಡ್ರೆ ಅದಕ್ಕೂ ನೆಗಡಿ ಹಿಡಿಯುತ್ತೆ."

"ಸುಮ್ನಿರಪ್ಪ, ನಗಿಸ್ಬೇಡ. ಗುರಿ ಅಲ್ಲಾಡುತ್ತೆ."

ಹತ್ತೂ ಮುಗಿದವು. ಯಂತ್ರ ತೋರಿಸಿದ ಅಂಕಿಗಳನ್ನು ಅವಳು ಮತ್ತೊಮ್ಮೆ ಹೋಲಿಸಿದಳು. ತಣ್ಣನೆಯ ತೋಟಾದ ಗುಂಡು ಬೆಚ್ಚನೆಯದಕ್ಕಿಂತ ಸೆಕೆಂಡಿಗೆ ಐವತ್ತು ಮೀಟರು ನಿಧಾನವಾಗಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಪ್ಪನ ಕೈ ಹಿಡಿದು, ಹಿಮ ತುಳಿಯುತ್ತ ಗುರಿಹಲಗೆಯ ಬಳಿಗೆ ಹೋದಳು. ಕಾಗದದ ನಡುವೆ ಐದು ತೂತು. ಅವಕ್ಕೆ ತುಸು ಕೆಳಗೆ, ಅಷ್ಟೇ ಒತ್ತಾಗಿ ತಣ್ಣನೆಯ ಐದರವು. ಇಳಿದ ಕಲ್ಲು ಮತ್ತೆ ಎದೆಗೇರಿತು.

ಅಷ್ಟರಲ್ಲಿ ತಂಡದ ಮುಖಂಡ ಯಾಲ್ಮರಿ ಹಿಮಬಂಡಿ ನಿಲ್ಲಿಸಿ ಇಳಿದು ಬಂದ. ಔಲಿಸ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. "ಏನು ತೀರ್ಪು? ಮದ್ದೋ, ಮುದುಕನೋ?"

"ನಿನಗಿಂತ ಎರಡು ತಿಂಗಳು ಚಿಕ್ಕವನು ಕಣೋ ನಾನು."

"ಅದಕ್ಕೇ ಬುದ್ಧಿ ಇನ್ನೂ ಎಳಸು. ನೀನು ಹೇಳು ತೈಮಿ. ನಾಳೆಗೆ ಜಾಗ ಹಂಚಬೇಕು."

ತೈಮಿ ಗುರಿಹಲಗೆಗೆ ಬೆನ್ನು ಕೊಟ್ಟು ನಿಂತಳು. "ಮದ್ದೇ. ಚಳಿಗೆ ಐವತ್ತು ಮೀಟರು ವೇಗ ಕಳ್ಕೊಳ್ಳುತ್ತೆ, ನಾವೇ ಅಳೆದು ನೋಡಿದ್ವಿ. ಆರಿಸಿದ್ದು ನಾನು. ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ."

ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

"ಸದ್ಯ! ಬದುಕಿದೆ ನಾನು," ಎಂದು ಯಾಲ್ಮರಿ ಉಸಿರು ಬಿಟ್ಟ. "ಇವನ ಕೈಯ ಸಾರು ಕುಡಿಯೋದು ಯಾರು? ಜೌಗಿನಂಚು ನಿಂದೇ ಬಿಡು, ಔಲಿಸ್. ನಾಳೆಗೆ ಅಂಗಡಿ ತೋಟಾ ತಗೊಂಡ್ಬಾ."

ಔಲಿಸ್ ಮಗಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಬಲಗೈಯ ಕೈಗವಸು ಕಳಚಿ, ಮೇಲಿನ ಐದು ತೂತುಗಳಿಗೂ ಕೆಳಗಿನ ಐದಕ್ಕೂ ನಡುವೆ ತೋರುಬೆರಳನ್ನು ಅಡ್ಡಲಾಗಿ ಇಟ್ಟ. ಸರಿಯಾಗಿ ಕೂತಿತು. ಆಮೇಲೆ ಅಲ್ಲಿಂದಲೇ ಕೈ ಅಗಲಿಸಿ ಕೆಳಕ್ಕೆ ಒಂದು ಗೇಣು ಹಾಕಿದ, ಇನ್ನೊಂದು ಹಾಕಿದ. ಎರಡನೆಯದು ಕಾಗದ ದಾಟಿ, ಹಲಗೆ ದಾಟಿ, ಹಿಮದಲ್ಲಿ ಹೂತ ಗೂಟಕ್ಕೆ ಮುಟ್ಟಿತು. ಕೈಯನ್ನು ಅಲ್ಲೇ ಇಟ್ಟುಕೊಂಡು ಗೆಳೆಯನ ಕಡೆ ತಿರುಗಿದ.

"ಮದ್ದು ಬದಲಾಯಿಸಿದ್ರೆ ಒಂದು ಬೆರಳು ಸರಿಹೋಗುತ್ತೆ, ಯಾಲ್ಮರಿ. ಮಿಕ್ಕಿದ್ದಕ್ಕೆ ಮದ್ದಿಲ್ಲ."