ಎಡಕ್ಕೆ ಹೋಗುವ ಚೆಂಡು

"ಮೂರನೇ ಸಲ ಬಂದಿದೀನಿ, ಮೇಸ್ತ್ರಿ! ಚೆಂಡು ಇನ್ನೂ ಎಡಕ್ಕೇ ಹೋಗ್ತಿದೆ!"

ಸಾಹೇಬರು ಗಾಲ್ಫ್ ಕೋಲುಗಳ ಚೀಲವನ್ನು ಅಂಗಡಿಯ ಮೇಜಿನ ಮೇಲೆ ಕುಕ್ಕಿದರು. ಹಿಂದೆಯೇ ಬಂದ ಹೆಂಡತಿ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಹೆಣಿಗೆ ತೆಗೆದರು. ಭಾನುವಾರ ಕ್ಲಬ್ಬಿನ ಕಪ್‌ಗಾಗಿ ಪಂದ್ಯ. ಎದುರಾಳಿ ಬೇರೆ ಯಾರೂ ಅಲ್ಲ, ಈಕೆಯ ತಮ್ಮ, ಆರಡಿ ಆಳು. ಐದು ವರ್ಷದಿಂದ ಕಪ್ ಅವನ ಮನೆಯಲ್ಲೇ ಠಿಕಾಣಿ ಹೂಡಿದೆ.

"ಈ ಸಲಾನೂ ಬಾಮೈದನ ಕೈಲಿ ಸೋತ್ರೆ ನಿಮ್ಮ ಕೆಲಸದ ಚೆಂದ ಊರಿಗೆಲ್ಲ ಸಾರಿಬಿಡ್ತೀನಿ."

ಮೇಸ್ತ್ರಿಗೆ ನಿಜಕ್ಕೂ ಹೆದರಿಕೆಯಾಯಿತು. ಕೋಲಿನ ಓರೆ ತಿದ್ದುವುದರಲ್ಲಿ ಇಪ್ಪತ್ತು ವರ್ಷ ಕೈ ಪಳಗಿಸಿ ಗಳಿಸಿದ ಹೆಸರು. ಒಂದು ಕೋಲಿನ ತಲೆಯಡಿಗೆ ಟೇಪ್ ಅಂಟಿಸಿ, ಸಾಹೇಬರಿಂದ ಹಲಗೆಯ ಮೇಲಿನ ಚೆಂಡು ಹೊಡೆಸಿದ. ಓರೆ ಆಳಿನ ಎತ್ತರಕ್ಕೆ ಹೊಂದಿದ್ದರೆ ಟೇಪಿನ ನಟ್ಟನಡುವೆ ಗುರುತು ಬೀಳಬೇಕು; ಆಳಿಗಿಂತ ಎತ್ತರದವನಿಗೆ ತಿದ್ದಿದ ಕೋಲು ಚೆಂಡನ್ನು ಎಡಕ್ಕೆ ಒಯ್ಯುತ್ತದೆ, ಕುಳ್ಳನಿಗೆ ತಿದ್ದಿದ್ದು ಬಲಕ್ಕೆ. ನಟ್ಟನಡುವೆಯೇ ಬಿತ್ತು, ಹಿಂದಿನ ಎರಡು ಸಲದಂತೆಯೇ.

"ಇಲ್ಲಿ ಸರಿಯಾಗೇ ಇದೆಯಲ್ಲ ಸಾರ್..."

"ಹಾಗಾದ್ರೆ ಪಂದ್ಯ ನಿಮ್ಮ ಅಂಗಡೀಲೇ ಆಡ್ಲಾ?"

ಅಷ್ಟರಲ್ಲಿ ಫೋನ್ ಬಂದು ಸಾಹೇಬರು ಹೊರಗೆ ಹೋದರು. ಹೆಂಡತಿ ಹೆಣಿಗೆಯಿಂದ ತಲೆ ಎತ್ತಲಿಲ್ಲ.

"ಮೇಸ್ತ್ರಿಗಳೇ, ಆಟದ ಶೂನಲ್ಲಿ ಇವರು ನನ್ನ ಭುಜಕ್ಕೆ ಬರ್ತಾರೆ. ನಿಮ್ಮ ಅಂಗಡಿಗೆ ಹಾಕ್ಕೊಂಡು ಬರೋ ಶೂನಲ್ಲಿ ಕಿವಿಗೆ. ಒಳಗೆ ಏನಿಟ್ಕೊಂಡಿದಾರೆ ಅಂತ ನಾನಂತೂ ಕೇಳಿಲ್ಲಪ್ಪ."

ಮೇಸ್ತ್ರಿ ನಗು ನುಂಗಿಕೊಂಡ. ನೇರವಾಗಿ ಹೇಳಿದರೆ ಪಾಪ, ಮನುಷ್ಯ ಮುಖ ಎಲ್ಲಿಟ್ಟುಕೊಳ್ಳಬೇಕು? ಒಂದೊಂದೇ ಕೋಲನ್ನು ವೈಸ್ ಇಕ್ಕಳಕ್ಕೆ ಕಚ್ಚಿಸಿ, ಕುಳ್ಳ ಆಳಿಗೆ ಹೊಂದುವಂತೆ ಎರಡೆರಡು ಡಿಗ್ರಿ ಬಗ್ಗಿಸಿದ.

"ನೀವು ನಿಂತ್ಕೊಳ್ಳೋ ಈ ಕಾರ್ಪೆಟ್ಟು ದಪ್ಪ ಸಾರ್, ಅದೇ ಮೋಸ ಮಾಡಿದ್ದು," ಎಂದು ಮೇಸ್ತ್ರಿ, ಒಳಗೆ ಬಂದ ಸಾಹೇಬರಿಗೆ ಹೇಳಿದ.

ಶನಿವಾರ ಮೈದಾನದಿಂದಲೇ ಫೋನ್ ಬಂತು. "ಭೇಷ್ ಮೇಸ್ತ್ರಿ! ಗೆರೆ ಎಳೆದ ಹಾಗೆ ಹೋಗ್ತಿದೆ! ಈ ಸಲ ಕಪ್ ನಂದೇ!" ಅಂದು ರಾತ್ರಿ ಮೇಸ್ತ್ರಿಗೆ ಒಳ್ಳೆಯ ನಿದ್ದೆ ಬಂತು.

ಸೋಮವಾರ ಅಂಗಡಿ ತೆಗೆಯುವಷ್ಟರಲ್ಲಿ ಗಂಡಹೆಂಡತಿ ಇಬ್ಬರೂ ಹಾಜರು.

"ಬಲಕ್ಕೆ! ಹೊಡೆದದ್ದೆಲ್ಲ ಬಲಕ್ಕೆ! ಶನಿವಾರ ಸರಿ ಇದ್ದದ್ದು ಭಾನುವಾರ ಹೇಗೆ ಕೆಡತ್ರೀ?"

ಮೇಸ್ತ್ರಿ ಕಂಗಾಲಾಗಿ ಆಕೆಯ ಮುಖ ನೋಡಿದ. ಆಕೆ ಹೆಣಿಗೆಯ ಕಡ್ಡಿಯಿಂದ ತಮ್ಮದೇ ಕಿವಿ ಮುಟ್ಟಿ ತೋರಿಸಿ, ಬ್ಯಾಗಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಬಾಮೈದನ ಕೈಯಲ್ಲಿ ಕಪ್. ಪಕ್ಕದಲ್ಲಿ ಸಾಹೇಬರು, ಆಟದ ಶೂನಲ್ಲೇ, ಗದ್ದ ಎತ್ತಿಕೊಂಡು, ಹೆಚ್ಚುಕಡಿಮೆ ಅವನ ಕಿವಿಯ ಮಟ್ಟಕ್ಕೆ.

ಸಾಹೇಬರೂ ಬಗ್ಗಿ ನೋಡಿದರು. ಸಿಟ್ಟು ಎಲ್ಲಿ ಹೋಯಿತೋ.

"ಫೋಟೋ ಮಾತ್ರ ಚೆನ್ನಾಗಿ ಬಂದಿದೆ, ಅಲ್ವಾ ಮೇಸ್ತ್ರಿ?"