ಮೂರು ಸಲವೂ ಶುದ್ಧ

"ಸಹಿ ಹಾಕೋದಿಲ್ಲ," ಎಂದಳು ಜಿಪಾರಾ.

ಮೇಲಧಿಕಾರಿ ಕುಬಾತ್ ವರದಿಯನ್ನು ಮತ್ತೆ ಅವಳತ್ತ ತಳ್ಳಿದ. ಈ ನೀರು ತಪಾಸಣೆ ಕಚೇರಿಗೆ ಬರುವ ಮೊದಲು ಅವನು ಹದಿನೆಂಟು ವರ್ಷ ಗಣಿಯಲ್ಲಿದ್ದವನು.

"ನೀನೇ ಮೂರು ಸಲ ನೀರು ತಂದಿದ್ದೀಯ, ಮೂರು ಸಲವೂ ಶುದ್ಧ. ನಿನಗೆ ಬೇಕಾದ ಉತ್ತರ ಬರೋವರೆಗೂ ಬಾವಿ ಬತ್ತಿಸ್ತೀಯಾ, ತಂಗಿ?"

ಸಹಿ ಬಿದ್ದರೆ ಕಡತ ಮುಚ್ಚುತ್ತದೆ. ಕಡತ ಮುಚ್ಚಿದರೆ, ಯುರೇನಿಯಂ ಗಣಿಯ ಕಸದ ದಿಬ್ಬದ ಕೆಳಗಿರುವ ಬೀದಿಗೆ ಹೊಸ ಕೊಳಾಯಿ ಬರುವುದಿಲ್ಲ.

ತನಿಖೆಯ ಯೋಜನೆ ಜಿಪಾರಾಳದೇ. ಎಷ್ಟು ಮಾದರಿ, ಯಾವ ಮಿತಿ, ಎಷ್ಟು ತಪ್ಪನ್ನು ಸಹಿಸಬಹುದು ಎಂಬುದನ್ನೆಲ್ಲ ಒಂದು ಹನಿ ನೀರು ತೆಗೆಯುವ ಮೊದಲೇ ಇಪ್ಪತ್ತಾರು ಪುಟಗಳಲ್ಲಿ ಬರೆದಿದ್ದಳು. ಮನೆಯವರಿಗೆ ಹಿಂದಿನ ದಿನ ಫೋನ್ ಮಾಡಬೇಕು. ಜನ ಕುಡಿಯುವ ಬಾವಿ ನೀರು ಅಂಗಳದ ತೊಟ್ಟಿಗೆ ತುಂಬಿ ಅಲ್ಲಿಂದ ನಲ್ಲಿಗೆ ಬರುವುದರಿಂದ ಮಾದರಿಯನ್ನೂ ಅದೇ ನಲ್ಲಿಯಿಂದ ತೆಗೆಯಬೇಕು. ಸೀಸೆಗೆ ಮುದ್ರೆ. ಪ್ರಯೋಗಾಲಯ ಎರಡು: ಒಂದು ಓಶ್‌ನಲ್ಲಿ, ಇನ್ನೊಂದು ರಾಜಧಾನಿ ಬಿಷ್ಕೆಕ್‌ನಲ್ಲಿ.

ಆದರೂ ಅಂಕಿಗಳು ಹೊಂದುತ್ತಿರಲಿಲ್ಲ. ದಿಬ್ಬದ ಬುಡದಲ್ಲಿ ಅಂತರ್ಜಲದ ಪರೀಕ್ಷೆಗೆಂದು ನೆಲಕ್ಕಿಳಿಸಿದ ಕೊಳವೆಯಲ್ಲಿ ವಿಷ ಮಿತಿಯ ನಾಲ್ಕು ಪಟ್ಟು. ಅಲ್ಲಿಂದ ಇಪ್ಪತ್ತು ಹೆಜ್ಜೆ ಕೆಳಗಿನ ಮನೆಗಳಲ್ಲಿ ಏನೂ ಇಲ್ಲ.

"ಕೊಳವೆ ನೀರನ್ನ ಯಾರೂ ಕುಡಿಯಲ್ಲ," ಎಂದ ಕುಬಾತ್.

ಯಾರೋ ನೀರು ಬದಲಿಸುತ್ತಿದ್ದಾರೆ. ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಸೀಸೆ ಸಾಗಿಸುವ ಜೀಪಿನ ಎರಡನೆಯ ಕೀಲಿ ಕುಬಾತನ ಬಳಿಯೇ ಇರುತ್ತಿತ್ತು.

"ನಾಲ್ಕನೇ ಸಲ ತೆಗೀತೀನಿ. ಈಗಲೇ. ನೀವೂ ಬನ್ನಿ, ಕುಬಾತ್ ಬೈಕೆ. ಯಾರಿಗೂ ಫೋನ್ ಮಾಡೋ ಹಾಗಿಲ್ಲ."

"ನನ್ನ ಕೈಗೆ ಬೇಡಿ ಹಾಕ್ತೀಯಾ, ಇಲ್ಲ ಹಾಗೇ ಹತ್ತಲಾ?"

"ಹಾಗೇ ಹತ್ತಿ. ಕೈ ಕಾಣೋ ಹಾಗೆ ಕೂತ್ಕೊಳ್ಳಿ."

ಮೊದಲ ಮನೆ ಬುರುಲ್ಚಾಳದು. ಬೀದಿಯವರ ಸಹಿ ಕೂಡಿಸಿ ದೂರು ಕೊಟ್ಟಿದ್ದವಳು ಈ ಎಪ್ಪತ್ತರ ಮುದುಕಿಯೇ. ಮೂರು ಸಲವೂ ಬಿಸಿ ರೊಟ್ಟಿ ಇಟ್ಟು, ಚಹಾ ಬಗ್ಗಿಸಿ ಕಾದಿದ್ದಳು. ಇಂದು ಜೀಪು ಕಂಡವಳೇ ಓಡಿಬಂದು ನಲ್ಲಿಗೆ ಅಡ್ಡ ನಿಂತಳು.

"ಇವತ್ತು ಬೇಡ. ನಾಳೆ ಬಾ."

"ಬುರುಲ್ಚಾ ಅಪಾ, ದೂರು ಕೊಟ್ಟಿದ್ದು ನೀವೇ ಅಲ್ವಾ?"

"ಹೌದು, ಕೊಟ್ಟೆ. ನಾಳೆ ಬಾ ಅಂದೆ."

ಕುಬಾತ್ ನಕ್ಕ. "ದೂರಿದವರೇ ಬೇಡ ಅಂತಿದ್ದಾರೆ. ಇದಕ್ಕೆ ನಿನ್ನ ಯಾವ ಪುಟದಲ್ಲಿ ಉತ್ತರ ಇದೆ?"

ಜಿಪಾರಾ ಸೀಸೆಯ ಮುಚ್ಚಳ ತೆರೆದಳು. "ಪಕ್ಕಕ್ಕೆ ಸರಿಯಿರಿ, ಅಪಾ. ಯಾರು ನಿಮ್ಮ ಬಾಯಿ ಮುಚ್ಚಿಸಿದ್ದು? ಇವರಾ?"

ಮುದುಕಿಯ ಮುಖ ಕೆಂಪಾಯಿತು, ಕಾಲು ಕದಲಲಿಲ್ಲ.

"ನನ್ನ ಬಾಯಿ ಮುಚ್ಚಿಸೋನು ಇನ್ನೂ ಹುಟ್ಟಿಲ್ಲ. ಹೇಳದೆ ಬಂದು ಮಾನ ತೆಗೀತಿರೋದು ನೀನು. ಪ್ರತಿ ಸಲ ನಿನ್ನ ಫೋನ್ ಬಂದ ಕೂಡಲೇ ಬೀದಿಯವರೆಲ್ಲ ಕತ್ತೆ ಹೊಡ್ಕೊಂಡು ಬೆಟ್ಟದ ಬುಗ್ಗೆಗೆ ಹೋಗಿ, ತೊಟ್ಟಿ ತೊಳೆದು, ಒಳ್ಳೆ ನೀರು ತುಂಬಿಸಿ ಇಡ್ತಿದ್ವಿ. ಮನೆಗೆ ಬಂದ ಅತಿಥಿಗೆ ಆ ವಿಷದ ನೀರು ಕೊಡೋಕಾಗುತ್ತಾ, ಮಗಳೇ?"