ಗೇಟಿನ ಹೊರಗಿನ ಗಾಯ

ಭಾಲ್ಕಿಯ ಹತ್ತಿಬೀಜ ಬಿಡಿಸುವ ಜಿನ್ನಿನಲ್ಲಿ ವರ್ಷವಿಡೀ ಯಾರಿಗೂ ಒಂದು ತರಚುಗಾಯವೂ ಆಗಿಲ್ಲವೆಂದು ಮಾಲೀಕ ಸೇಠಜಿ ತಮ್ಮ ಕೈಯಾರೆ ಮೇಸ್ತ್ರಿ ಹಾವಗೆಪ್ಪನ ತಲೆಗೆ ಮಾನದ ರುಮಾಲು ಸುತ್ತಿದರು. ಕಾರ್ಖಾನೆ ತಪಾಸಣೆಗೆಂದು ಬೀದರದಿಂದ ಬಂದಿದ್ದ ಸಾಹೇಬರು ಪಕ್ಕದಲ್ಲಿ ನಿಂತು ತಲೆದೂಗಿದರು. ಜರಿ ಅಂಚಿನ ಕೇಸರಿ ರುಮಾಲು. ಇಳಿಬಿಟ್ಟ ತುದಿಯ ಚುಂಗು ಸೊಂಟದವರೆಗೆ ಬಂದಿತ್ತು. ಈ ವಯಸ್ಸಿನಲ್ಲಿ ಮದುಮಗನ ಹಾಗೆ ಕಾಣುತ್ತಿದ್ದೇನಲ್ಲ ಎಂದು ಹಾವಗೆಪ್ಪನಿಗೇ ನಗು ಬಂತು. ಆದರೂ ಆ ಚುಂಗನ್ನು ಒಳಗೆ ಸಿಗಿಸಿಕೊಳ್ಳಲು ಮನಸ್ಸು ಬರಲಿಲ್ಲ. ದಿನಾ ಬೆಳಿಗ್ಗೆ "ಸೆರಗ ಸಿಗಸ್ಕೊಳ್ರಿ, ಮಷೀನಿಗಿ ಕಣ್ಣಿಲ್ಲ" ಎಂದು ಹೆಂಗಸರ ಮೇಲೆ ಕೂಗಾಡುತ್ತಿದ್ದವನು ಇವನೇ.

ಗಾಯವೇ ಆಗದ ಗುಟ್ಟು ಸಾಹೇಬರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು. ಯಾರ ಕೈ ಸಿಕ್ಕರೂ, ಯಾರ ಕಾಲು ಸುಟ್ಟರೂ, ಮೊದಲು ಅವರನ್ನು ಎತ್ತಿಕೊಂಡು ಗೇಟು ದಾಟಬೇಕು. ಹೊರಗಿನ ಬೇವಿನ ಮರದಡಿ ಕೂಡಿಸಿ ಅಲ್ಲಿ ಪಟ್ಟಿ ಕಟ್ಟಬೇಕು. ಅಲ್ಲಿ ಕಟ್ಟಿದರೆ ಅದು ಮನೆಯಲ್ಲಿ ಆದ ಗಾಯವೆಂದು ಲೆಕ್ಕ. ಮನೆಯಲ್ಲಿ ಆದ ಗಾಯಕ್ಕೆ ಸೇಠಜಿಯಾದರೂ ಏನು ಮಾಡಿಯಾರು, ಪಾಪ. ಈ ದೀಪಾವಳಿಗೆ ಮುಂಚೆ ಮಷೀನಿಗೆ ಹತ್ತಿ ಹಾಕುವ ಅನುಸೂಯಾಬಾಯಿಯ ಎರಡು ಬೆರಳು ಜಿನ್ನಿಗೆ ಹೋದಾಗ, ಜೋಳದ ಕಣಕಿ ಕೊಯ್ಯುವಾಗ ಕುಡಗೋಲು ತಾಗಿತೆಂದು ಆಕೆಯ ಬಾಯಿಂದಲೇ ಹೇಳಿಸಿದವನು ಹಾವಗೆಪ್ಪ. ಮಷೀನಿನ ಮುಂದಿನ ಜಾಗ ಹೋಯಿತು. ಈಗ ಆಕೆ ಅರ್ಧ ಕೂಲಿಗೆ ಕಸ ಗುಡಿಸುತ್ತಾಳೆ. ಹಾವಗೆಪ್ಪನ ಕೆಲಸ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ತಲೆಯ ಮೇಲೆ ರುಮಾಲೂ ಬಂತು.

"ಮಷೀನ ತೋರಸ್ರಿ ಮೇಸ್ತ್ರಿ" ಎಂದರು ಸಾಹೇಬರು.

ಹಾವಗೆಪ್ಪ ಎದೆಯುಬ್ಬಿಸಿ ಮುಂದೆ ನಡೆದ. ಇಂಜಿನಿನಿಂದ ಜಿನ್ನಿನ ಸಾಲಿಗೆ ಓಡುವ ದೊಡ್ಡ ಬೆಲ್ಟಿನ, ಆ ತೊಗಲ ಪಟ್ಟಾದ, ಹತ್ತಿರ ನಿಂತು, "ಇಲ್ಲಿ ಭಾಳ ಹುಷಾರ ಇರಬೇಕ್ರಿ ಸಾಹೇಬ" ಎನ್ನುತ್ತ ಬಗ್ಗಿದ. ಚುಂಗು ಪಟ್ಟಾಕ್ಕೆ ಸಿಕ್ಕಿತು. ಬುಗುರಿಯ ಹಾಗೆ ಗಿರ್ರನೆ ತಿರುಗಿ ಹಾವಗೆಪ್ಪ ಒಂದು ಕಡೆ ಬಿದ್ದ, ರುಮಾಲು ಒಂದು ಕಡೆ ಹೋಯಿತು. ಯಾರೋ ಸುತ್ತಿಕೊಟ್ಟ ಪಗಡಿಯನ್ನೇ ತಲೆಗಿಡುವ ಸೇಠಜಿಗೆ ರುಮಾಲು ಸುತ್ತಲು ಬಾರದೆ ಸಡಿಲ ಬಿಟ್ಟದ್ದೇ ಪುಣ್ಯ. ಹಾವಗೆಪ್ಪ ತಾನೇ ಸುತ್ತಿಕೊಂಡಿದ್ದರೆ ಬಿಗಿಯಾಗಿ ಸುತ್ತಿರುತ್ತಿದ್ದ, ತಲೆಯೂ ಜತೆಗೇ ಹೋಗಿರುತ್ತಿತ್ತು. ಕಿವಿಯಲ್ಲಿದ್ದ ಚಿನ್ನದ ಒಂಟಿ ಮಾತ್ರ ಬಟ್ಟೆಗೆ ಸಿಕ್ಕಿ ಹಾಲೆ ಹರಿಯಿತು. ಇಂಜಿನ್ ನೋಡಿಕೊಳ್ಳುವ ಬಾಬುಮಿಯಾ ಓಡಿಹೋಗಿ ಅದನ್ನು ನಿಲ್ಲಿಸಿದ.

ಹಾವಗೆಪ್ಪ ಎದ್ದ. ರಕ್ತ ಸೋರುವ ಕಿವಿಯನ್ನು ಹಿಡಿದುಕೊಂಡು, ಯಾರೂ ಹೇಳದೆಯೇ, ನೆಟ್ಟಗೆ ಗೇಟು ದಾಟಿ ಬೇವಿನ ಮರದಡಿ ಹೋಗಿ ಕೂತ. ಕೂತ ಮೇಲೆಯೇ ತಾನು ಎಲ್ಲಿ ಕೂತಿದ್ದೇನೆಂದು ತಿಳಿದದ್ದು.

ಅನುಸೂಯಾಬಾಯಿ ಪಟ್ಟಾದಿಂದ ಬಿಡಿಸಿದ ರುಮಾಲನ್ನು ಬಗಲಲ್ಲಿಟ್ಟುಕೊಂಡು ಹಿಂದೆಯೇ ಬಂದಳು. "ಮೇಸ್ತ್ರಿ, ನನಗ ಕುಡಗೋಲು ಅಂದ್ರಿ. ನಿಮಗ ಏನ್ ಅನ್ನಲಿರಿ?"

"ಎತ್ತು ಹಾಯ್ತು ಅನ್ನು."

"ನಿಮ್ಮ ಮನ್ಯಾಗ ಎತ್ತು ಎಲ್ಲಿ ಅದರಿ?"

"ನಾ ಇದ್ದೀನಲ್ಲ."

ಆಕೆಗೆ ಬೇಡವೆಂದರೂ ನಗು ಬಂತು. ಅವನೂ ನಕ್ಕ; ನಕ್ಕದ್ದಕ್ಕೆ ಕಿವಿ ಉರಿಯಿತು. ಪಟ್ಟಿಗೆಂದು ಆಕೆ ರುಮಾಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎರಡು ಬೆರಳಿಲ್ಲದ ಕೈಯಿಂದ ಹಿಡಿಯಲು ನೋಡಿದಳು. ಬಟ್ಟೆ ಮತ್ತೆ ಮತ್ತೆ ಜಾರಿತು. ಅದನ್ನು ನೋಡುತ್ತ ಕೂತ ಹಾವಗೆಪ್ಪನಿಗೆ ಕಿವಿಯ ಉರಿ ಮರೆತುಹೋಗುವಷ್ಟು ನಾಚಿಕೆಯಾಯಿತು.

"ಇಲ್ಲಿ ಬ್ಯಾಡ. ಒಳಗ ನಡಿ" ಎಂದು ಎದ್ದ.

ಗೇಟಿನಲ್ಲಿ ಸೇಠಜಿ ಅಡ್ಡ ನಿಂತರು. "ಹಾವಗೆಪ್ಪ, ಹೊರಗೇ ಕೂಡು. ಹತ್ತಿ ಮ್ಯಾಲ ರಕ್ತ ಬೀಳ್ತದ. ಒಳಗ ಬಂದ್ರ ನಾಳಿಂದ ಬರೋದು ಬ್ಯಾಡ."

"ಇವತ್ತಿಂದು ಇವತ್ತ ಮುಗಸ್ತೇನ್ರಿ ಸೇಠಜಿ." ಅವನು ಪಕ್ಕದಿಂದ ನುಸುಳಿ ಪಟ್ಟಾದ ಮುಂದೆಯೇ ನೆಲದ ಮೇಲೆ ಕೂತ. ಸಾಹೇಬರ ಕಡೆ ತಿರುಗಿ, "ಗಾಯ ಇಲ್ಲೇ ಆಗ್ಯದ ಅಂತ ಬರಕೊಳ್ರಿ ಸಾಹೇಬ. ಮೇಸ್ತ್ರಿ ಮೂರ್ಖ ಇದ್ದ ಅಂತನೂ ಬರಕೊಳ್ರಿ. ಈ ಅನುಸೂಯಾಬಾಯಿ ಬೆರಳು ಸೈತ ಇಲ್ಲೇ ಹೋಗ್ಯಾವ" ಎಂದ.

ಅನುಸೂಯಾಬಾಯಿ ರುಮಾಲು ಹರಿದು ಅವನ ಕಿವಿಗೆ ಕಟ್ಟಿದಳು. ಆಮೇಲೆ ಇನ್ನೊಂದು ಪಟ್ಟಿ ಹರಿದು ಅವನ ಕೈಗೆ ಕೊಟ್ಟು, ಎಂದೋ ಮಾಯ್ದಿದ್ದ ತನ್ನ ಕೈಯನ್ನು ಮುಂದೆ ಚಾಚಿದಳು. "ನನಗೂ ಇಲ್ಲೇ ಕಟ್ರಿ."

ಹಾವಗೆಪ್ಪ ಕಟ್ಟಿದ. ಗಂಟು ಹಾಕಿ ತಲೆಯೆತ್ತಿದರೆ, ನಿಂತುಹೋದ ಜಿನ್ನಿನ ಸಾಲಿನಿಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು. ಒಬ್ಬಳ ಹೆಬ್ಬೆರಳಿಗೆ ಉಗುರಿಲ್ಲ, ಇನ್ನೊಬ್ಬಳ ಮಣಿಕಟ್ಟು ಸೊಟ್ಟ. ಬಾಬುಮಿಯಾ ಪಾಯಜಾಮ ಮೇಲೆತ್ತಿ ಉಗಿಯಿಂದ ಸುಟ್ಟ ಮೊಣಕಾಲು ತೋರಿಸಿದ. ಹಾವಗೆಪ್ಪ ಹರಿಯುತ್ತಲೇ ಹೋದ, ಕಟ್ಟುತ್ತಲೇ ಹೋದ. ಸಾಹೇಬರು ಒಂದೊಂದನ್ನೂ ನೋಡುತ್ತ ನಿಂತರು. ಕೊನೆಗೆ ಅವನ ಕೈಯಲ್ಲಿ ಜರಿ ಅಂಚೊಂದೇ ಉಳಿಯಿತು. ಸಾಲು ಇನ್ನೂ ಬಾಗಿಲವರೆಗೆ ಇತ್ತು.

"ಇನ್ನ ನನ್ನ ಧೋತರ ಒಂದು ಅದರಿ" ಎಂದ ಹಾವಗೆಪ್ಪ, "ಅದನ್ನ ಹರದ್ರ ಗಾಯಕ್ಕಿಂತ ಕೆಟ್ಟದ್ದು ಕಾಣ್ತದ."

ಯಾರೂ ನಗಲಿಲ್ಲ. ಎಲ್ಲರೂ ಸೇಠಜಿಯ ತಲೆಯನ್ನೇ ನೋಡುತ್ತಿದ್ದರು. ಸೇಠಜಿ ಎರಡೂ ಕೈಯಿಂದ ತಮ್ಮ ಪಗಡಿಯನ್ನು ಹಿಡಿದುಕೊಂಡರು.